ಗಡಿಯಾಚೆಯ ಐದು ಗಂಟೆಗಳ ದುಡಿಮೆ

ಹೊಸೂರು ಬಸ್ ನಿಲ್ದಾಣದಿಂದ ಜೂಜುವಾಡಿಯ ಕಡೆಗೆ ಹೊರಡುವ ಟೌನ್ ಬಸ್ಸಿನಲ್ಲಿ ಹೆಂಗಸರು ಹಣ ಕೊಡಬೇಕಾಗಿಲ್ಲ. 2021ರ ಮೇ ತಿಂಗಳಿನಿಂದ ತಮಿಳುನಾಡಿನ ಸಾಧಾರಣ ದರದ ಟೌನ್ ಬಸ್ಸುಗಳಲ್ಲಿ ಮಹಿಳೆಯರಿಗೆ ಪ್ರಯಾಣ ಉಚಿತ. ಜೂಜುವಾಡಿಗೆ ತಮಿಳುನಾಡು ಮುಗಿಯುತ್ತದೆ. ಗಡಿ ದಾಟಿ ಅತ್ತಿಬೆಲೆಯಲ್ಲಿ ಬೆಂಗಳೂರಿನ ಬಸ್ಸು ಹತ್ತಿದರೆ ಅಲ್ಲಿಯೂ ಮಹಿಳೆಯರಿಗೆ ಉಚಿತ ಪ್ರಯಾಣವುಂಟು. ಆದರೆ 2023ರ ಜೂನ್ 11ರಂದು ಆರಂಭವಾದ ಆ ಶಕ್ತಿ ಯೋಜನೆ ಕರ್ನಾಟಕದ ನಿವಾಸಿಗಳಿಗೆ ಮಾತ್ರ. ತಳಿ ರಸ್ತೆಯ ಹಳ್ಳಿಯೊಂದರಿಂದ ಬರುವ ಹತ್ತೊಂಬತ್ತರ ಹುಡುಗಿಯ ಆಧಾರ್ ಕಾರ್ಡಿನಲ್ಲಿ ಇರುವುದು ಕೃಷ್ಣಗಿರಿ ಜಿಲ್ಲೆ. ಆದ್ದರಿಂದ ಅವಳು ಕಂಡಕ್ಟರನಿಗೆ ಕನ್ನಡದಲ್ಲಿಯೇ ಊರು ಹೇಳಿ, ಚಿಲ್ಲರೆ ಎಣಿಸಿಕೊಟ್ಟು, ಎಲೆಕ್ಟ್ರಾನಿಕ್ ಸಿಟಿಗೆ ಟಿಕೆಟ್ ಪಡೆಯುತ್ತಾಳೆ.

ಹತ್ತನೆಯ ತರಗತಿಯವರೆಗೆ ಅವಳು ಓದಿದ್ದು ಕನ್ನಡ ಮಾಧ್ಯಮದ ಶಾಲೆಯಲ್ಲಿ. ಈಗ ಹೊಸೂರಿನ ಕಾಲೇಜೊಂದರಲ್ಲಿ ಬಿ.ಕಾಂ. ಎರಡನೆಯ ವರ್ಷ. ಬೆಳಗಿನ ಪಾಳಿಯ ತರಗತಿಗಳು ಮುಗಿದ ಮೇಲೆ, ಮಧ್ಯಾಹ್ನ ಎರಡೂವರೆಯಿಂದ ಸಂಜೆ ಏಳೂವರೆಯವರೆಗೆ, ಎಲೆಕ್ಟ್ರಾನಿಕ್ ಸಿಟಿಯ ಒಂದು ಕಾಲ್‌ಸೆಂಟರಿನಲ್ಲಿ ಅರೆಕಾಲಿಕ ಕೆಲಸ. ತಂದೆ ಗುಲಾಬಿ ಬೆಳೆಯುವ ತೋಟವೊಂದರಲ್ಲಿ ಕೂಲಿ. ತಂಗಿ ಒಂಬತ್ತನೆಯ ತರಗತಿ. ತಾಯಿಯ ಓಲೆಗಳು ಎರಡು ವರ್ಷಗಳಿಂದ ಅಡವಿನ ಅಂಗಡಿಯಲ್ಲಿವೆ. ತಿಂಗಳಿಗೆ ಬರುವ ಎಂಟು ಸಾವಿರ ರೂಪಾಯಿಯಲ್ಲಿ ಬಡ್ಡಿ, ಬಸ್ಸಿನ ಖರ್ಚು, ಕಾಲೇಜಿನ ಶುಲ್ಕ ಕಳೆದು ಉಳಿಯುವುದು ಸ್ವಲ್ಪವೇ ಆದರೂ, ಮನೆಯಲ್ಲಿ ತಿಂಗಳ ಮೊದಲ ವಾರಕ್ಕೆ ಈಗ ಒಂದು ನೆಮ್ಮದಿ ಬಂದಿದೆ.

ಈ ದಾರಿ ಹೊಸೂರು ಸೀಮೆಯ ವಿದ್ಯಾರ್ಥಿಗಳಿಗೆ ಹೊಸದಲ್ಲ. ಹೊಸೂರಿಗೆ ಸಮೀಪದ ತೊರಪಳ್ಳಿಯಲ್ಲಿ 1878ರಲ್ಲಿ ಹುಟ್ಟಿದ ಸಿ. ರಾಜಗೋಪಾಲಾಚಾರಿಯವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪದವಿ ಪಡೆದು, ಮದರಾಸಿನಲ್ಲಿ ಕಾನೂನು ಓದಿ, ಸೇಲಂನಲ್ಲಿ ವಕೀಲರಾದರು. 1956ರಲ್ಲಿ ರಾಜ್ಯಗಳ ಎಲ್ಲೆಗಳು ಹೊಸದಾಗಿ ಮೂಡಿದಾಗ ಹೊಸೂರು ಮದರಾಸು ರಾಜ್ಯದಲ್ಲಿಯೇ ಉಳಿಯಿತು. ಜನರ ಓಡಾಟ ಮಾತ್ರ ಮೊದಲಿನಂತೆ ಬೆಂಗಳೂರಿನ ಕಡೆಗೇ ಹರಿಯಿತು. ಅತ್ತಿಬೆಲೆ ದಾಟಿದರೆ ಚಂದಾಪುರ, ಬೊಮ್ಮಸಂದ್ರ, ಹೆಬ್ಬಗೋಡಿ. ರಸ್ತೆಯ ಎರಡೂ ಬದಿಗೆ ಕಾರ್ಖಾನೆಗಳ ಗೋಡೆಗಳು. ಬೊಮ್ಮಸಂದ್ರದಿಂದ ತಲೆಯ ಮೇಲೆ ಮೆಟ್ರೋ ಹಳಿ ಜೊತೆಗೂಡುತ್ತದೆ. 2025ರ ಆಗಸ್ಟಿನಲ್ಲಿ ಅದರ ಮೇಲೆ ರೈಲು ಓಡಲಾರಂಭಿಸಿತು. ಹೊಸೂರಿನಿಂದ ಎಲೆಕ್ಟ್ರಾನಿಕ್ ಸಿಟಿಗೆ ಸುಮಾರು 20 ಕಿಲೋಮೀಟರು. ವಾಹನಗಳ ದಟ್ಟಣೆ ಇಲ್ಲದ ದಿನ ಒಂದು ಗಂಟೆ, ಇದ್ದ ದಿನ ಲೆಕ್ಕವಿಲ್ಲ. ಹುಡುಗಿಯ ಪರಿವ್ಯಯ ಲೆಕ್ಕಶಾಸ್ತ್ರದ ಓದೆಲ್ಲ ನಡೆಯುವುದು ಈ ಬಸ್ಸಿನ ಕಿಟಕಿಯ ಪಕ್ಕದಲ್ಲಿ.

ಕಾಲ್‌ಸೆಂಟರ್ ಎಂದೊಡನೆ ಹಲವರ ಕಣ್ಣಮುಂದೆ ಬರುವುದು ಗಾಜಿನ ಮಹಲು, ನಡುರಾತ್ರಿ, ಅಮೆರಿಕದ ಗ್ರಾಹಕ. ನ್ಯೂಯಾರ್ಕಿನಲ್ಲಿ ಬೆಳಿಗ್ಗೆ ಒಂಬತ್ತಾದಾಗ ಇಲ್ಲಿ, ಅವರ ಬೇಸಿಗೆಯಲ್ಲಿ ಸಂಜೆ ಆರೂವರೆ, ಚಳಿಗಾಲದಲ್ಲಿ ಏಳೂವರೆ. ಅಲ್ಲಿನ ಹಗಲಿಗೆ ಉತ್ತರ ಕೊಡುವವರು ಇಲ್ಲಿನ ರಾತ್ರಿಯನ್ನು ಬಿಟ್ಟುಕೊಡಲೇಬೇಕು. ಈ ಹುಡುಗಿ ಕೆಲಸ ಮಾಡುವ ಜಾಗ ಅಂಥದ್ದಲ್ಲ. ಅಡ್ಡರಸ್ತೆಯ ಕಟ್ಟಡವೊಂದರ ಮೂರನೆಯ ಮಹಡಿ. ಸಾಲು ಸಾಲಾಗಿ ಹಲಗೆಯಿಂದ ಬೇರ್ಪಡಿಸಿದ ಮೇಜುಗಳು. ಎಲ್ಲರ ತಲೆಗೂ ಹೆಡ್‌ಸೆಟ್. ಬ್ಯಾಂಕೊಂದರ ಗ್ರಾಹಕರ ಕರೆಗಳಿಗೆ ಇಲ್ಲಿ ದೇಶಭಾಷೆಗಳಲ್ಲಿ ಉತ್ತರ ಸಿಗುತ್ತದೆ. ಕನ್ನಡದವರ ಸಾಲಿಗೆ ಅಲ್ಲಿ 'ಕನ್ನಡ ಪ್ರೊಸೆಸ್' ಎಂದು ಹೆಸರು. ಫೋನುಗಳನ್ನು ಬಾಗಿಲಲ್ಲಿಯೇ ಪೆಟ್ಟಿಗೆಯಲ್ಲಿಟ್ಟು ಒಳಗೆ ಹೋಗಬೇಕು. ಗ್ರಾಹಕರ ಖಾತೆಯ ವಿವರ ಯಾರೂ ಬರೆದುಕೊಳ್ಳಬಾರದೆಂದು ಕಾಗದ, ಪೆನ್ನುಗಳಿಗೂ ಪ್ರವೇಶವಿಲ್ಲ.

ಸಂದರ್ಶನದ ದಿನ ಅವಳು ಹೆದರಿದ್ದು ಇಂಗ್ಲಿಷಿಗೆ. ಕೇಳಿದ್ದು ಮಾತ್ರ ಕನ್ನಡ. ಒಂದು ಪುಟ ಓದಿಸಿದರು. ಗದರುವ ಗ್ರಾಹಕನಿಗೆ ಸಮಾಧಾನ ಹೇಳಿಸಿದರು. ಬೆಂಗಳೂರಿನಲ್ಲಿ ಓದಿದ ಕೆಲವರು 'ಖಾತೆ', 'ಬಾಕಿ', 'ವಹಿವಾಟು' ಎಂಬಲ್ಲಿ ತಡವರಿಸಿದಾಗ, ಗಡಿಯಾಚೆಯ ಕನ್ನಡ ಶಾಲೆಯಿಂದ ಬಂದವಳು ನೀರು ಕುಡಿದಷ್ಟು ಸಲೀಸಾಗಿ ಓದಿದಳು. ಮನೆಯ ನೆರೆಯಲ್ಲಿ ಕಲಿತ ತೆಲುಗು, ಪೇಟೆಯಲ್ಲಿ ಕಲಿತ ತಮಿಳು ಅವಳ ಅರ್ಜಿಗೆ ತೂಕ ಕೊಟ್ಟವು. ಕನ್ನಡ ಮಾಧ್ಯಮಕ್ಕೆ ಸೇರಿಸಿದರೆ ಮುಂದೆ ಕೆಲಸವೆಲ್ಲಿ ಎಂದು ಅವಳ ತಂದೆಯನ್ನು ವರ್ಷ ವರ್ಷವೂ ಕೇಳಿದವರಿದ್ದರು. ಆ ಪ್ರಶ್ನೆಗೆ ಸಣ್ಣದೊಂದು ಉತ್ತರ ಮೂರನೆಯ ಮಹಡಿಯಲ್ಲಿ ಸಿಕ್ಕಿತು.

ಕೆಲಸದ ಬಗೆ ಕೇಳಲು ಸುಲಭ. ಒಂದು ಕರೆ ಮುಗಿದ ಕೆಲವು ಕ್ಷಣಗಳಲ್ಲಿ ಇನ್ನೊಂದು ತಾನಾಗಿಯೇ ಕಿವಿಗೆ ಬರುತ್ತದೆ. ನಮಸ್ಕಾರದಿಂದ ವಂದನೆಯವರೆಗೆ ಆಡಬೇಕಾದ ಮಾತು ಪರದೆಯ ಮೇಲಿದೆ. ಒಂದು ಕರೆಗೆ ಸರಾಸರಿ ನಾಲ್ಕು ನಿಮಿಷ. ನೀರು ಕುಡಿಯಲು, ಶೌಚಕ್ಕೆ ಎದ್ದ ಹೊತ್ತೂ ಗಣಕದಲ್ಲಿ ದಾಖಲಾಗುತ್ತದೆ. ಎಲ್ಲ ಕರೆಗಳ ಧ್ವನಿಮುದ್ರಣವಿದೆ. ವಾರಕ್ಕೆ ಕೆಲವನ್ನು ಆರಿಸಿ ಗುಣಮಟ್ಟದ ವಿಭಾಗದವರು ಅಂಕ ಕೊಡುತ್ತಾರೆ. ತರಬೇತಿಯಲ್ಲಿ ಹೇಳಿಕೊಟ್ಟ ಮೊದಲ ಪಾಠ, ಊರಿನ ರಾಗ ಬಿಡಬೇಕು, ಎಲ್ಲರಿಗೂ ಒಪ್ಪುವ ಕನ್ನಡ ಆಡಬೇಕು ಎಂಬುದು. ಹೊಸೂರಿನ ಕನ್ನಡವನ್ನು ಅವಳು ಜೂಜುವಾಡಿಯಲ್ಲಿಯೇ ಇಳಿಸಿ ಬರುವುದನ್ನು ಎರಡು ವಾರಗಳಲ್ಲಿ ಕಲಿತಳು.

ಕರೆ ಮಾಡುವವರು ಮಾತ್ರ ತಮ್ಮ ತಮ್ಮ ಊರಿನ ರಾಗವನ್ನು ಬಿಟ್ಟು ಬರುವುದಿಲ್ಲ. ಬಾಗಲಕೋಟೆಯ ಕಡೆಯವರು 'ನಂಬರ್ ಹತ್ತವಲ್ದು' ಎಂದಾಗ ಅವಳು ಮೊದಲ ಬಾರಿ ಬೆರಗಾದಳು. ನಂಬರು ಸಿಗುತ್ತಿಲ್ಲವೆಂದು ಅರ್ಥವಾಗಲು ಮೂರು ಕರೆ ಬೇಕಾಯಿತು. ಕಾಸರಗೋಡಿನವರು 'ಎಂತ ಮಾಡುವುದು' ಎಂದು ನಿಧಾನವಾಗಿ ಕೇಳುತ್ತಾರೆ. ಅಕ್ಕಲಕೋಟೆಯವರ ಕನ್ನಡದಲ್ಲಿ ಮರಾಠಿಯ ಎಳೆ, ರಾಯದುರ್ಗದವರ ಕನ್ನಡದಲ್ಲಿ ತೆಲುಗಿನ ಎಳೆ. ಬ್ಯಾಂಕಿಗೆ ಗಡಿಯಿಲ್ಲ, ಭಾಷೆಯ ಆಯ್ಕೆಯಲ್ಲಿ ಕನ್ನಡದ ಅಂಕೆ ಒತ್ತಿದವರೆಲ್ಲ ಅವಳ ಕಿವಿಗೇ ಬರುತ್ತಾರೆ.

ಒಂದು ಸಂಜೆ ಜತ್ತ ತಾಲ್ಲೂಕಿನ ವೃದ್ಧರೊಬ್ಬರ ಕರೆ ಬಂದಿತು. "ಯವ್ವಾ, ಮಷೀನ್ ರೊಕ್ಕ ಕೊಡಲಿಲ್ಲ. ಖಾತೆದಾಗಿಂದ ಎರಡ ಸಾವಿರ ಹೋಗ್ಯಾವ. ಯಾರ್ನ ಕೇಳ್ಲಿ?" ಪರದೆಯಲ್ಲಿದ್ದುದನ್ನು ಅವಳು ಓದಿದಳು: "ತಮ್ಮ ವಿಫಲ ವಹಿವಾಟಿನ ಮೊತ್ತವನ್ನು ನಿಗದಿತ ಕಾಲಾವಧಿಯೊಳಗೆ ಮರುಜಮೆ ಮಾಡಲಾಗುವುದು." ಆಚೆ ಬದಿ ಸುಮ್ಮನಾಯಿತು. ಬಳಿಕ, "ಏನಂದಿ? ನನಗ ತಿಳೀಲಿಲ್ಲ. ರೊಕ್ಕ ಹೋದಂಗೇನು?"

ರಿಸರ್ವ್ ಬ್ಯಾಂಕು 2019ರ ಸೆಪ್ಟೆಂಬರಿನಲ್ಲಿ ಹೊರಡಿಸಿದ ಸುತ್ತೋಲೆ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಎಟಿಎಂ ಹಣ ಕೊಡದೆ ಖಾತೆಯಿಂದ ಕಡಿತವಾದರೆ, ವಹಿವಾಟಿನ ದಿನವನ್ನು ಬಿಟ್ಟು ಐದು ದಿನಗಳೊಳಗೆ ಆ ಹಣ ಖಾತೆಗೆ ಮರಳಬೇಕು. ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಸೇರಿಸಿ ಕೊಡಬೇಕು. ಇದು ಗ್ರಾಹಕನ ಹಕ್ಕು. ಅಂಥ ಹಕ್ಕನ್ನು ತಿಳಿಯದ ಮಾತಿನಲ್ಲಿ ಓದಿ ಹೇಳುವುದಕ್ಕೂ ಹೇಳದೆ ಇರುವುದಕ್ಕೂ ಆ ವೃದ್ಧರ ಮಟ್ಟಿಗೆ ವ್ಯತ್ಯಾಸವಿರಲಿಲ್ಲ.

ಹುಡುಗಿ ಪರದೆಯಿಂದ ಕಣ್ಣು ತೆಗೆದಳು. "ಇಲ್ಲ ಅಜ್ಜಾ, ಹೋಗಿಲ್ಲ. ನೀವು ತೆಗೆಯೋಕೆ ಹೋದ ದಿನ ಬಿಟ್ಟು ಐದು ದಿನದೊಳಗೆ ದುಡ್ಡು ನಿಮ್ಮ ಖಾತೆಗೇ ಬರಬೇಕು. ಬರದಿದ್ದರೆ ಆಮೇಲೆ ದಿನಕ್ಕೆ ನೂರು ರೂಪಾಯಿ ಸೇರಿಸಿ ಬ್ಯಾಂಕೇ ಕೊಡಬೇಕು. ಒಂದು ದೂರಿನ ನಂಬರ್ ಹೇಳುತ್ತೇನೆ, ಬರೆದುಕೊಳ್ಳಿ." ಪೆನ್ನು ಹುಡುಕಲು ಮೊಮ್ಮಗನನ್ನು ಕೂಗಿದರು. ಹುಡುಗ ಅಂಕೆಗಳನ್ನು ಒಂದೊಂದಾಗಿ ಬರೆದು ತಿರುಗಿ ಓದಿದ. ಕೊನೆಗೆ ಅಜ್ಜ ಕೇಳಿದರು: "ಯಾ ಊರವ್ವಾ ನಿಂದು?" ಸ್ವಂತ ವಿವರ ಹೇಳಕೂಡದೆಂಬುದು ನಿಯಮ. ಅವಳು ಒಂದು ಕ್ಷಣ ತಡೆದು, "ನಮ್ಮದೂ ಗಡಿಯ ಊರೇ ಅಜ್ಜಾ" ಎಂದಳು. "ಹಂಗಾದ್ರ ನಮ್ಮಾಕಿನೇ" ಎಂದು ಅವರು ನಕ್ಕರು.

ಕರೆ ಒಂಬತ್ತು ನಿಮಿಷ ನಡೆದಿತ್ತು. ಆ ವಾರ ಅಂಕಕ್ಕೆ ಆರಿಸಿದ ಕರೆಗಳಲ್ಲಿ ಅದೂ ಸೇರಿತು. ಸೌಜನ್ಯಕ್ಕೆ ಪೂರ್ಣ ಅಂಕ. ಸಮಯಕ್ಕೆ, ಬರೆದುಕೊಟ್ಟ ಮಾತು ಬಿಟ್ಟದ್ದಕ್ಕೆ, ಊರಿನ ಮಾತಿಗೆ ಕಡಿತ. ಆ ತಿಂಗಳ ಪ್ರೋತ್ಸಾಹಧನ ಕೈತಪ್ಪಿತು. ಹಾಗಿದ್ದರೂ ಟೀಮ್ ಲೀಡರಿಗೆ ಅವಳ ಬೆಲೆ ಗೊತ್ತಿತ್ತು. ಮುಂದಿನ ವಾರ ಅವಳನ್ನು ಕರೆದು ಹೇಳಿದರು: ಮೂರು ಭಾಷೆ ಬಲ್ಲವರು ಸಿಗುವುದಿಲ್ಲ, ಪೂರ್ಣಾವಧಿಗೆ ಬಾ, ರಾತ್ರಿ ಪಾಳಿ, ಹದಿನೆಂಟು ಸಾವಿರ.

ಹದಿನೆಂಟು ಸಾವಿರವೆಂದರೆ ಆರು ತಿಂಗಳಲ್ಲಿ ತಾಯಿಯ ಓಲೆ ಮನೆಗೆ ಬರುತ್ತದೆ. ರಾತ್ರಿ ಪಾಳಿಯೆಂದರೆ ಬೆಳಗಿನ ಕಾಲೇಜು ಮುಗಿದಂತೆಯೇ. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಮೊದಲು ಮಹಿಳೆಯರ ರಾತ್ರಿ ದುಡಿಮೆಯನ್ನು ನಿಷೇಧಿಸಿತ್ತು. ಮಾಹಿತಿ ತಂತ್ರಜ್ಞಾನದ ಕಾಲದಲ್ಲಿ ತಿದ್ದುಪಡಿಯಾಗಿ, ವಾಹನ ಮತ್ತು ಭದ್ರತೆಯ ಷರತ್ತಿನ ಮೇಲೆ ಅನುಮತಿ ದೊರೆಯಿತು. ಆ ಷರತ್ತು ಎಷ್ಟು ಗಂಭೀರವೆಂಬುದನ್ನು ಬೆಂಗಳೂರು ಬಲ್ಲದು: 2005ರ ಡಿಸೆಂಬರಿನಲ್ಲಿ ಕಾಲ್‌ಸೆಂಟರಿನ ಯುವತಿಯೊಬ್ಬಳನ್ನು, ಕರೆದೊಯ್ಯಲು ಬಂದ ಚಾಲಕನೇ ಕೊಲೆಮಾಡಿದ್ದ. ಈ ಕಚೇರಿಯ ವಾಹನ ಅತ್ತಿಬೆಲೆಯವರೆಗೆ ಮಾತ್ರ ಬರುತ್ತದೆ, ಗಡಿ ದಾಟುವುದಿಲ್ಲ. ಅಲ್ಲಿಂದ ತಳಿ ರಸ್ತೆಯ ಹಳ್ಳಿಗೆ ಆ ಹೊತ್ತಿನಲ್ಲಿ ಹೇಗೆ ಹೋಗುವುದೆಂಬ ಪ್ರಶ್ನೆಗೆ ಟೀಮ್ ಲೀಡರ್ ಬಳಿ ಉತ್ತರವಿರಲಿಲ್ಲ.

ಅಂದು ರಾತ್ರಿ ಊಟವಾದ ಮೇಲೆ ವಿಷಯ ಮನೆಯವರ ಮುಂದೆ ಬಂತು. ತಂದೆ ಸುಮ್ಮನಿದ್ದರು. ಬೇಡವೆನ್ನಲು ಅವರಿಗೆ ಬಾಯಿ ಬರಲಿಲ್ಲ, ಹೋಗೆನ್ನಲು ಮನಸ್ಸು ಬರಲಿಲ್ಲ. ತಾಯಿ ಪಾತ್ರೆ ಒರೆಸುತ್ತ ಹೇಳಿದರು: "ಓಲೆ ಅಂಗಡೀಲಿ ಭದ್ರವಾಗೇ ಇರುತ್ತೆ ಮಗಾ. ಬಿಟ್ಟ ಪರೀಕ್ಷೆನ ಯಾರು ಅಡವಿಟ್ಟುಕೊಂಡು ಕಾಯ್ತಾರೆ?"

ಸೋಮವಾರ ಅವಳು ಟೀಮ್ ಲೀಡರಿಗೆ, ಪದವಿ ಮುಗಿಯುವವರೆಗೆ ಐದೇ ಗಂಟೆ ಎಂದಳು. ಅವರು ಒತ್ತಾಯಿಸಲಿಲ್ಲ, ಅವಳ ಹೆಸರಿನ ಮುಂದೆ ಏನೋ ಬರೆದುಕೊಂಡರು. ಜೊತೆಗೆ ಸೇರಿದ ಇಬ್ಬರು ರಾತ್ರಿ ಪಾಳಿಗೆ ಹೋದರು. ಅವರಲ್ಲಿ ಒಬ್ಬಳು ಈಗ ಕಾಲೇಜಿಗೆ ಬರುವುದಿಲ್ಲ. ಯಾರ ನಿರ್ಧಾರ ಸರಿ ಎಂದು ತೀರ್ಪು ಕೊಡುವವರು ಮೊದಲು ಅವರವರ ಮನೆಯ ಲೆಕ್ಕವನ್ನು ನೋಡಬೇಕು. ಇಂಥ ಕೆಲಸಕ್ಕೆ ಮಕ್ಕಳನ್ನು ಕಳಿಸುವ ತಂದೆತಾಯಿಯರು ಕೇಳಿ ಪಡೆಯಬೇಕಾದ ಕೆಲವು ಸಂಗತಿಗಳಂತೂ ಎಲ್ಲ ಮನೆಗೂ ಒಂದೇ: ಬರಹದಲ್ಲಿ ನೇಮಕಾತಿ ಪತ್ರ, ಸಂಬಳದ ಚೀಟಿ, ವಾರದ ರಜೆ, ರಾತ್ರಿಯಾದರೆ ಮನೆ ಬಾಗಿಲಿನವರೆಗೆ ವಾಹನ. ಕೆಲಸ ಕೊಡಿಸಲು ಠೇವಣಿ ಕೇಳುವವರಿಗೂ ಮೂಲ ಅಂಕಪಟ್ಟಿಯನ್ನು ಇಟ್ಟುಕೊಳ್ಳುತ್ತೇವೆನ್ನುವವರಿಗೂ ಕೈಮುಗಿದು ಹೊರಬರುವುದು ಕ್ಷೇಮ.

ಸಂಜೆ ಏಳೂವರೆಗೆ ಹೆಡ್‌ಸೆಟ್ ತೆಗೆದಾಗ ಕಿವಿಯ ಸುತ್ತ ಕೆಂಪಗೆ ಗುರುತು ಉಳಿದಿರುತ್ತದೆ. ಅತ್ತಿಬೆಲೆಯ ಬಸ್ಸಿನಲ್ಲಿ ಕುಳಿತು ಅವಳು ಪರಿವ್ಯಯ ಲೆಕ್ಕಶಾಸ್ತ್ರದ ನೋಟ್‌ಬುಕ್ಕಿನ ಕೊನೆಯ ಹಾಳೆ ತೆರೆಯುತ್ತಾಳೆ. ಆ ದಿನ ಕೇಳಿದ ಹೊಸ ಮಾತುಗಳನ್ನು ನೆನಪಿನಿಂದ ಅಲ್ಲಿ ಬರೆದಿಡುವುದು ರೂಢಿ. ಹತ್ತವಲ್ದು, ಸಿಗುತ್ತಿಲ್ಲ. ಲಗೂನ, ಬೇಗ. ತಂಗಿ ಅದನ್ನು ತನ್ನ ಪುಸ್ತಕಕ್ಕೆ ನಕಲು ಮಾಡಿಕೊಂಡು ಶಾಲೆಯಲ್ಲಿ ಗೆಳತಿಯರಿಗೆ ಓದಿ ಹೇಳುತ್ತಾಳಂತೆ. ಜೂಜುವಾಡಿಯಲ್ಲಿ ಇಳಿದು ಹೊಸೂರಿನ ಬಸ್ಸಿಗೆ ನಿಂತಾಗ ಅವಳ ಫೋನು ಮೊಳಗುತ್ತದೆ. ತಾಯಿಯ ಕರೆ; ಎಲ್ಲಿದ್ದೀ ಎಂಬ ಒಂದೇ ಪ್ರಶ್ನೆ. ಬೆಳಗಿನಿಂದ ಬಿಟ್ಟುಹೋಗಿದ್ದ ಊರಿನ ರಾಗದಲ್ಲಿ ಅವಳು ಉತ್ತರ ಕೊಡುತ್ತಾಳೆ.