ಮೊಳೆಗೆ ನೇತುಹಾಕಲಾಗದ ಬೀಗದ ಕೈ

ಹೊಳಲ್ಕೆರೆ ಕಡೆಯ ಹಳ್ಳಿಯೊಂದರಲ್ಲಿ ನಮ್ಮ ಅಕ್ಕನ ಮನೆ. ಅಡುಗೆಮನೆ ಬಾಗಿಲ ಪಕ್ಕದ ಗೋಡೆಗೆ ದೊಡ್ಡ ಮೊಳೆಯೊಂದಿದೆ. ಟ್ರ್ಯಾಕ್ಟರ್ ಕೀ, ಟಿವಿಎಸ್ ಎಕ್ಸೆಲ್ ಕೀ, ತೋಟದ ಮೋಟಾರ್ ಮನೆ ಕೀ ಎಲ್ಲ ಅದಕ್ಕೇ ನೇತಾಡುತ್ತವೆ. ಬೇಕಾದವರು ತೆಗೆದುಕೊಂಡು ಹೋಗುತ್ತಾರೆ, ಬಂದು ಮತ್ತೆ ಅಲ್ಲೇ ಹಾಕುತ್ತಾರೆ. ಯಾರೂ ಯಾರನ್ನೂ ಕೇಳಬೇಕಿಲ್ಲ.

ಹೋದ ವರ್ಷ ಭಾವ ಎಲೆಕ್ಟ್ರಿಕ್ ಕಾರು ತಂದರು. ಅದರ ಕೀ ಮಾತ್ರ ಆ ಮೊಳೆಗೆ ಬರಲಿಲ್ಲ. ಅದಕ್ಕೆ ಕಾರಣ ನಾನೇ.

ಕಾರಿನ ಜೊತೆ ಎರಡು ರಿಮೋಟ್ ಕೀ ಕೊಟ್ಟಿದ್ದರು. ಜೇಬಿನಲ್ಲಿದ್ದರೆ ಸಾಕು, ಗುಂಡಿ ಒತ್ತಿದರೆ ಬಾಗಿಲು ತೆರೆಯುತ್ತದೆ. "ಇದನ್ನ ಯಾಕೆ ಹೊತ್ಕೊಂಡು ತಿರುಗ್ತೀರಿ ಭಾವ? ಫೋನೇ ಕೀ ಆಗುತ್ತೆ" ಎಂದು ಆ್ಯಪ್ ಹಾಕಿಕೊಟ್ಟೆ. ನಾಲ್ಕು ತಾಲ್ಲೂಕು ಸುತ್ತಿ ಸುದ್ದಿ ಬರೆಯುವವನು, ತಿಳಿದವನು ಎಂದು ಭಾವ ನಂಬಿದರು. ಕಳೆದರೆ ಹೊಸದಕ್ಕೆ ಸಾವಿರಾರು ರೂಪಾಯಿ ಎಂದು ಎರಡೂ ರಿಮೋಟ್‌ಗಳನ್ನು ಕಾಗದಪತ್ರದ ಜೊತೆ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಬೀರುವಿನ ಕೀ ಅವರ ಜೇಬಿನಲ್ಲೇ ಇರುತ್ತದೆ.

ಒಂದು ರಾತ್ರಿ ಒಂಬತ್ತೂವರೆಗೆ ಅಕ್ಕನ ಫೋನ್ ಬಂತು. "ಲೋ, ಹುಡುಗನಿಗೆ ಚೇಳು ಕಡಿದೈತೆ ಕಣೋ. ನಿಮ್ ಭಾವ ಹೊಸದುರ್ಗದ ಕಡೆ ಮದುವೆಗೆ ಹೋಗವ್ರೆ, ಫೋನ್ ಸಿಗ್ತಿಲ್ಲ. ಕಾರಿನ ಬಾಗಿಲೇ ತೆಗಿಯಾಕ್ ಆಗ್ತಿಲ್ಲ!"

ಭಾವ ನೆಂಟರ ಗಾಡಿಯಲ್ಲಿ ಹೋಗಿದ್ದರು. ಕಾರು ಅಂಗಳದಲ್ಲೇ ಇತ್ತು, ಚಾರ್ಜೂ ತುಂಬಿತ್ತು. ಎಂಟು ವರ್ಷದ ಹುಡುಗ ಅಡಿಕೆ ಸಿಪ್ಪೆಯ ರಾಶಿಗೆ ಕೈ ಹಾಕಿದ್ದ. ಬೆವರು, ವಾಂತಿ ಶುರುವಾಗಿತ್ತು. ನಾನು ಚಿತ್ರದುರ್ಗದಲ್ಲಿದ್ದೆ. ಇಲ್ಲಿಂದ ಹೊರಟು ತಲುಪುವ ಹೊತ್ತಿಗೆ ಏನಾಗುತ್ತದೋ! 108ಕ್ಕೆ ಫೋನ್ ಮಾಡು, ಪಕ್ಕದ ಮನೆಯವರನ್ನೂ ಎಬ್ಬಿಸು ಎಂದೆ. ಕೊನೆಗೆ ಪಕ್ಕದವರ ಲಗೇಜ್ ಆಟೋದಲ್ಲಿ, ತಾಡಪಾಲಿನ ಮೇಲೆ ಮಗನನ್ನು ಮಲಗಿಸಿಕೊಂಡು ಹೊಳಲ್ಕೆರೆ ಆಸ್ಪತ್ರೆಗೆ ಹೋದಳು. ಹುಡುಗ ಉಳಿದ. ಎರಡು ದಿನದ ಮೇಲೆ ಮನೆಗೆ ಬಂದ.

ಆಸ್ಪತ್ರೆಯಲ್ಲಿ ಅಕ್ಕ ನನಗೆ ಒಂದೇ ಮಾತು ಹೇಳಿದಳು. "ನಂಗೆ ಗಾಡಿ ಓಡ್ಸಾಕ್ ಬರ್ತೈತೆ. ಲೈಸೆನ್ಸೂ ಐತೆ. ಕಾರು ಮನೆ ಮುಂದೇನೇ ಇತ್ತು. ಕೀ ಮಾತ್ರ ನಿಮ್ ಭಾವನ ಜೊತೆ ಮದುವೆಗೆ ಹೋಗಿತ್ತು."

ಯಾವ ಕಂಪನಿಯ ಕಾರು ಎಂದು ಬರೆಯುವುದಿಲ್ಲ. ತಪ್ಪು ಕಾರಿನದಲ್ಲ, ನಮ್ಮದು. ಆಮೇಲೆ ನಾನು ಕೂತು ಈ ಫೋನ್ ಕೀ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿದುಕೊಂಡೆ. ಮೊದಲೇ ಮಾಡಬೇಕಿದ್ದ ಕೆಲಸ.

ಫೋನ್ ಕೀ ಎಂದರೆ ಒಂದೇ ಬಗೆಯಲ್ಲ. ಮೊದಲನೆಯದು ಇಂಟರ್ನೆಟ್ ಮೂಲಕ. ನಾವು ಆ್ಯಪ್‌ನಲ್ಲಿ ಒತ್ತಿದ್ದು ಕಂಪನಿಯ ಕಂಪ್ಯೂಟರ್‌ಗೆ ಹೋಗಿ, ಅಲ್ಲಿಂದ ಕಾರಿನೊಳಗಿನ ಸಿಮ್‌ಗೆ ಬರುತ್ತದೆ. ಇದರಲ್ಲಿ ಊರಾಚೆಯಿಂದಲೂ ಬಾಗಿಲು ತೆಗೆಯಬಹುದು, ಆದರೆ ಫೋನಿಗೂ ಕಾರಿಗೂ ಎರಡಕ್ಕೂ ನೆಟ್‌ವರ್ಕ್ ಬೇಕು. ಭಾವನ ಕಾರಿನದು ಇದೇ. ವಾಣಿವಿಲಾಸ ಸಾಗರದ ಹಿನ್ನೀರಿನ ಕಡೆಯ ಗುಡ್ಡಗಳ ಮರೆಯಲ್ಲಿ, ಹಿರಿಯೂರು-ಹೊಸದುರ್ಗದ ನಡುವೆ ನೆಟ್‌ವರ್ಕ್ ಸಿಗದೆ ಸುದ್ದಿ ಕಳಿಸಲು ನಾನು ಎಷ್ಟು ಸಲ ಬೈಕ್ ನಿಲ್ಲಿಸಿ ದಿಬ್ಬ ಹತ್ತಿದ್ದೇನೋ ಲೆಕ್ಕವಿಲ್ಲ. ಆ್ಯಪ್ ಹಾಕಿಕೊಡುವಾಗ ಅದು ನೆನಪಾಗಲಿಲ್ಲ.

ಎರಡನೆಯದು ಬ್ಲೂಟೂತ್. ಫೋನ್ ಹತ್ತಿರ ಬಂದರೆ ಕಾರು ಗುರುತಿಸುತ್ತದೆ. ಮೂರನೆಯದು ಎನ್‌ಎಫ್‌ಸಿ. ಅಂಗಡಿಯಲ್ಲಿ ಎಟಿಎಂ ಕಾರ್ಡ್ ತಾಗಿಸಿ ದುಡ್ಡು ಕೊಡುತ್ತೇವಲ್ಲ, ಹಾಗೆ ಬಾಗಿಲ ಹಿಡಿಗೆ ಫೋನ್ ತಾಗಿಸುವುದು. 2025ರ ಜನವರಿಯಲ್ಲಿ ಬಂದ ಹ್ಯುಂಡೈ ಕ್ರೆಟಾ ಎಲೆಕ್ಟ್ರಿಕ್‌ನಲ್ಲಿ ಇಂಥ ಡಿಜಿಟಲ್ ಕೀ ಇದೆ. ಈ ಎರಡಕ್ಕೂ ಬಾಗಿಲು ತೆಗೆಯುವ ಹೊತ್ತಿನಲ್ಲಿ ನೆಟ್‌ವರ್ಕ್ ಬೇಕಿಲ್ಲ. ಆದರೆ ಸಾಮಾನ್ಯವಾಗಿ ಫೋನಿನಲ್ಲಿ ಚಾರ್ಜ್ ಇರಬೇಕು. ಕಡಿಮೆ ಬೆಲೆಯ ಎಷ್ಟೋ ಫೋನುಗಳಲ್ಲಿ ಎನ್‌ಎಫ್‌ಸಿ ಇರುವುದೇ ಇಲ್ಲ. ಕೆಲವು ಕಾರುಗಳಿಗೆ ಇದೇ ಬಗೆಯ ಕಾರ್ಡ್ ಕೊಡುತ್ತಾರೆ. ಅದಕ್ಕೆ ಸೆಲ್ಲೂ ಬೇಡ, ಚಾರ್ಜೂ ಬೇಡ.

ಇನ್ನು ರಿಮೋಟ್ ಕೀ. ಅದರೊಳಗೆ ಹೆಚ್ಚಾಗಿ ಸಿಆರ್ 2032 ಎಂಬ ದುಂಡನೆಯ ಸೆಲ್ ಇರುತ್ತದೆ, ಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ. ಸೆಲ್ ಸತ್ತರೂ ಹೆದರಬೇಕಿಲ್ಲ. ರಿಮೋಟ್ ಒಳಗೇ ಲೋಹದ ಸಣ್ಣ ಕೀ ಅಡಗಿರುತ್ತದೆ, ಅದರಲ್ಲಿ ಬಾಗಿಲು ತೆಗೆದು, ಪುಸ್ತಕದಲ್ಲಿ ತೋರಿಸಿದ ಜಾಗಕ್ಕೆ ರಿಮೋಟನ್ನು ತಾಗಿಸಿದರೆ ಹೆಚ್ಚಿನ ಕಾರುಗಳು ಹೊರಡುತ್ತವೆ. ಇನ್ನೊಂದು ವಿಷಯ ನನಗೆ ಗೊತ್ತೇ ಇರಲಿಲ್ಲ. ಎಲೆಕ್ಟ್ರಿಕ್ ಕಾರಿನಲ್ಲೂ ದೊಡ್ಡ ಬ್ಯಾಟರಿ ಜೊತೆಗೆ 12 ವೋಲ್ಟಿನ ಸಣ್ಣ ಬ್ಯಾಟರಿ ಇರುತ್ತದೆ, ಬಾಗಿಲ ಲಾಕ್ ನಡೆಯುವುದು ಅದರಿಂದ. ಅದು ಸತ್ತರೆ ಫೋನೂ ರಿಮೋಟಿನ ಗುಂಡಿಯೂ ಕೆಲಸ ಮಾಡುವುದಿಲ್ಲ. ಆಗ ಬಾಗಿಲು ತೆಗೆಯುವುದು ಆ ಲೋಹದ ತುಂಡೇ.

ರಿಮೋಟಿಗೂ ಕೊರತೆಯಿದೆ. ಕಳ್ಳರು ಮನೆಯೊಳಗಿನ ರಿಮೋಟಿನ ಸಿಗ್ನಲ್ಲನ್ನು ಹಿಡಿದು ಹೊರಗಿನ ಕಾರಿಗೆ ದಾಟಿಸಿ ಬಾಗಿಲು ತೆಗೆಯುವ ಉಪಾಯ ಕಂಡುಕೊಂಡಿದ್ದಾರೆ. ದುರ್ಗದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಏಳು ಸುತ್ತಿನ ಕೋಟೆಗೂ ಒಂದು ಕಿಂಡಿ ಇತ್ತು. ಬ್ಲೂಟೂತ್ ಫೋನ್ ಕೀಗೂ ಈ ಭಯ ತಪ್ಪಿದ್ದಲ್ಲ. 2022ರಲ್ಲಿ ಸಂಶೋಧಕರು ಟೆಸ್ಲಾ ಕಾರನ್ನು ಇದೇ ರೀತಿ ತೆರೆದು ತೋರಿಸಿದರು. ಹಾಗಾಗಿ ರಿಮೋಟನ್ನು ಬೀದಿ ಬಾಗಿಲ ಹತ್ತಿರ ಇಡದೆ ಒಳಗಡೆ ಇಡುವುದು ಒಳ್ಳೆಯದು.

ಫೋನ್ ಕೀ ಬೇಡವೇ ಬೇಡ ಎನ್ನುತ್ತಿಲ್ಲ. ತೋಟದಲ್ಲಿ ರಿಮೋಟ್ ಕಳೆದುಕೊಂಡರೆ ಅದು ಕೈ ಹಿಡಿಯುತ್ತದೆ. ಕಾರು ಲಾಕ್ ಆಗಿದೆಯೋ ಇಲ್ಲವೋ ಹಾಸಿಗೆಯಲ್ಲಿ ಮಲಗಿಯೇ ನೋಡಬಹುದು. ಪೇಟೆಯಲ್ಲಿ ಒಬ್ಬರೇ ಓಡಿಸುವ ಕಾರಿಗೆ ಅದು ಸಾಕಾಗಬಹುದು. ಆದರೆ ನಮ್ಮ ಕಡೆ ಗಾಡಿ ಒಬ್ಬರದಲ್ಲ, ಮನೆಯದು. ಫೋನ್ ಒಬ್ಬರದು. ಮನೆಯ ಗಾಡಿಯ ಕೀಯನ್ನು ಒಬ್ಬರ ಫೋನಿನೊಳಗೆ ಇಟ್ಟರೆ ಉಳಿದವರು ಆ ಗಾಡಿಗೆ ಬರೀ ಪ್ರಯಾಣಿಕರಾಗುತ್ತಾರೆ. ಆ ಒಬ್ಬರು ಹೆಚ್ಚಾಗಿ ಗಂಡಸೇ. ಅಕ್ಕ ಕಾರು ಕಲಿತದ್ದು ಯಾಕೆ ಹಾಗಾದರೆ?

ಅದಕ್ಕೇ ನನ್ನ ಮಾತು ಇಷ್ಟು. ರಿಮೋಟ್ ಮನೆಯಲ್ಲಿ ಎಲ್ಲರಿಗೂ ಸಿಗುವಂತಿರಲಿ, ಫೋನ್ ಕೀ ಎರಡನೆಯದಾಗಿರಲಿ. ಎರಡು ರಿಮೋಟನ್ನೂ ಒಂದೇ ಕಡೆ ಇಡಬೇಡಿ. ಆ್ಯಪ್‌ನಲ್ಲಿ ಇನ್ನೊಬ್ಬರಿಗೆ ಕೀ ಹಂಚುವ ಅವಕಾಶವಿದ್ದರೆ ಓಡಿಸಲು ಬರುವ ಇನ್ನೊಬ್ಬರ ಫೋನಿಗೆ ಇವತ್ತೇ ಹಂಚಿ. ಹಳೆ ಕಾರು ಕೊಳ್ಳುವವರು ಮೊದಲ ಮಾಲೀಕರ ಫೋನ್ ಕೀ ಅಳಿಸಿದೆಯೇ ಎಂದು ನೋಡಿಕೊಳ್ಳಿ. ಇವತ್ತು ರಾತ್ರಿಯೇ ಒಂದು ಪರೀಕ್ಷೆ ಮಾಡಿ: ಯಜಮಾನರ ಫೋನ್ ಸ್ವಿಚ್ ಆಫ್ ಮಾಡಿ, ಮನೆಯ ಬೇರೆ ಯಾರಾದರೂ ಕಾರು ತೆಗೆದು ಬೀದಿವರೆಗೆ ಓಡಿಸಲಿ. ಆಗದಿದ್ದರೆ ನಿಮ್ಮ ಮನೆಯಲ್ಲಿ ಕಾರು ಅರ್ಧವೇ ಇದೆ.

ಹುಡುಗ ಮನೆಗೆ ಬಂದ ದಿನ ಭಾವ ಏನೂ ಮಾತಾಡಲಿಲ್ಲ. ಬೀರು ತೆಗೆದು ಒಂದು ರಿಮೋಟಿಗೆ ಕೆಂಪು ದಾರ ಕಟ್ಟಿ ಮೊಳೆಗೆ ಹಾಕಿದರು. ಮೊನ್ನೆ ನಾನು ಹೋದಾಗ ಅಲ್ಲಿರಲಿಲ್ಲ. ಅಕ್ಕ ಅಡಿಕೆ ಗೊನೆ ಕೊಯ್ಯುವವರಿಗೆ ಊಟ ತಗೊಂಡು ಕಾರಿನಲ್ಲಿ ತೋಟಕ್ಕೆ ಹೋಗಿದ್ದಳು.