ಜಲಂಧರದ ಗಡ್ಡೆ, ಹಾಸನದ ಸಸಿ

ಹಾಸನದ ಆಲೂಗಡ್ಡೆ ಬೇಸಾಯ ಕುಗ್ಗಿದ್ದಕ್ಕೆ ಅಂಗಮಾರಿಯೊಂದನ್ನೇ ದೂರುವುದು ರೂಢಿ. ಬಿತ್ತನೆ ವ್ಯಾಪಾರ ಕಂಡವರಿಗೆ ಇನ್ನೊಂದು ಕಾರಣವೂ ಗೊತ್ತು: ಬೀಜ ರೈತನ ಕೈಯಲ್ಲಿರಲಿಲ್ಲ. ಮುಂಗಾರು ಹತ್ತಿರವಾದಂತೆ ಜಲಂಧರದ ಕಡೆಯಿಂದ ಕುಫ್ರಿ ಜ್ಯೋತಿ ಲಾರಿಗಟ್ಟಲೆ ಎಪಿಎಂಸಿ ಪ್ರಾಂಗಣಕ್ಕೆ ಬಂದಿಳಿಯುತ್ತಿತ್ತು. 1968ರಲ್ಲಿ ಬಿಡುಗಡೆಯಾದ ಈ ತಳಿ ಮೊದಮೊದಲು ಅಂಗಮಾರಿಯನ್ನು ಒಂದಿಷ್ಟು ತಡೆದುಕೊಳ್ಳುತ್ತಿತ್ತು. ಬರಬರುತ್ತಾ ಆ ಕಸುವು ಹೋಯಿತು. ಚೀಲದಲ್ಲಿರುವುದು ಬಿತ್ತನೆಗೆಂದೇ ಬೆಳೆದ ಗಡ್ಡೆಯೋ ಅಡುಗೆಯದೋ ನೋಡಿ ಹೇಳಲಾಗದು. ಕಣ್ಣಿರುವಂತೆ ಹೋಳು ಮಾಡುವ ಚಾಕುವೇ ಒಂದು ಗಡ್ಡೆಯ ರೋಗವನ್ನು ಇನ್ನೊಂದಕ್ಕೆ ದಾಟಿಸುತ್ತಿತ್ತು. ಮಳೆ ಹಿಡಿದುಕೊಂಡರೆ ಹೋಳು ಮಣ್ಣಿನಲ್ಲೇ ಕೊಳೆಯುತ್ತಿತ್ತು.

ಅಂಗಾಂಶ ಕೃಷಿಯಿಂದ ಬದಲಾದದ್ದು ಈ ಅವಲಂಬನೆ. ಕುಡಿಯ ತುತ್ತತುದಿಯಲ್ಲಿ ವೈರಸ್ ಅಪರೂಪ. ಅದನ್ನೇ ಬೆಳೆಸಿ ಫ್ರಾನ್ಸಿನ ಮೊರೆಲ್ ಮತ್ತು ಮಾರ್ಟಿನ್ 1950ರ ದಶಕದಲ್ಲೇ ರೋಗಮುಕ್ತ ಆಲೂಗಿಡ ಪಡೆದಿದ್ದರು. ಸಕ್ಕರೆ, ಲವಣ ಬೆರೆತ ಅಗರ್ ಮೇಲೆ ಬಾಟಲಿಯೊಳಗೆ ನೂಲಿನಂಥ ಕಾಂಡ ಏಳುತ್ತದೆ. ಗೆಣ್ಣಿಗೊಂದರಂತೆ ಕತ್ತರಿಸಿ ನೆಟ್ಟರೆ ಕೆಲವೇ ವಾರಗಳಲ್ಲಿ ಪ್ರತಿ ತುಂಡೂ ಗಿಡ. ಆದರೆ ಇಷ್ಟಕ್ಕೇ ರೈತನಿಗೆ ಲಾಭವಿಲ್ಲ. ಬಾಗಲಕೋಟೆಯ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವೂ ಅಂತರರಾಷ್ಟ್ರೀಯ ಆಲೂಗಡ್ಡೆ ಕೇಂದ್ರವೂ ಹಾಸನದಲ್ಲಿ ಪರಿಚಯಿಸಿದ ಕುಡಿಕಾಂಡ ಸಸಿಯಿಂದ ಲ್ಯಾಬು ಹೊಲಕ್ಕೆ ಹತ್ತಿರವಾಯಿತು. ನೆರಳುಮನೆಯ ತಾಯಿಗಿಡದ ಕುಡಿ ಚಿವುಟಿ, ಕೋಕೋಪಿಟ್ ತುಂಬಿದ ಟ್ರೇಯಲ್ಲಿ ಬೇರು ಬರಿಸುತ್ತಾರೆ. ತಾಯಿಗಿಡದ ಎಲೆ ದುಂಡಗೆ, ಒಂಟಿಯಾಗಿರುವಷ್ಟು ಕಾಲ ಮಾತ್ರ ಕುಡಿ ತೆಗೆಯಬೇಕು. ಎಲೆ ಒಡೆದು ಕವಲಾಯಿತೆಂದರೆ ಗಿಡ ಬಲಿತಿದೆ ಎಂದರ್ಥ. ಇಷ್ಟು ಸೂಕ್ಷ್ಮ ಗೊತ್ತಿದ್ದರೆ ನರ್ಸರಿಯವರೇ ಈ ಕೆಲಸ ಮಾಡಬಲ್ಲರು. ವಿಯೆಟ್ನಾಮಿನ ದಲಾತ್‌ನಲ್ಲಿ ಸಾಮಾನ್ಯ ರೈತರೇ ಇದನ್ನು ಮಾಡಿ ತೋರಿಸಿದ್ದಾರೆ.

ಲ್ಯಾಬಿನ ಸಸಿಗೂ ಅಂಗಮಾರಿ ಬರುತ್ತದಲ್ಲ ಎಂಬ ಆಕ್ಷೇಪ ನಿಜವೇ. ರೋಗವಿಲ್ಲದ ಸಸಿ ರೋಗ ತಡೆಯುವ ಸಸಿಯಲ್ಲ. ಗಾಳಿಯಲ್ಲಿ ಬರುವ ಅಂಗಮಾರಿಗೆ ತಳಿಯ ಶಕ್ತಿ, ಸಕಾಲದ ಸಿಂಪಡಣೆಯೇ ಬೇಕು. ಹವಾಮಾನವನ್ನೂ ಲ್ಯಾಬು ಬದಲಿಸದು. ಗುಡೇಕೋಟೆಯಂಥ ಬಿಸಿಲುಸೀಮೆಯಲ್ಲಿ ಬೇಸಿಗೆಗೆ ನೆಟ್ಟರೆ ರಾತ್ರಿಯ ಸೆಕೆಗೆ ಗಿಡ ಸೊಪ್ಪಾದೀತು, ಗಡ್ಡೆ ಕಟ್ಟದು. ಸಸಿ ದುಬಾರಿ ಎನ್ನುವವರಿಗೆ ನನ್ನ ಉತ್ತರ ಬೇರೆ. ಸಸಿಯಿಂದ ಎಕರೆಗಟ್ಟಲೆ ಅಡುಗೆಯ ಆಲೂಗಡ್ಡೆ ಬೆಳೆಯುವುದು ನಷ್ಟದ ದಾರಿ. ಸಣ್ಣ ತುಂಡು ನೆಲದಲ್ಲಿ, ಉಳಿದ ಆಲೂ ಹೊಲಗಳಿಂದ ದೂರ, ಗಿಡಹೇನು ತಡೆಯುವ ಬಲೆಯೊಳಗೆ ಬಿತ್ತನೆ ಗಡ್ಡೆ ಮಾಡಿಕೊಂಡು ಒಂದೆರಡು ಹಂಗಾಮು ಬಳಸಿ, ಮತ್ತೆ ಹೊಸ ಸಸಿ ತರಬೇಕು. ಆಗ ಮುಂಗಾರಿನ ಬಿತ್ತನೆಗೆ ಪಂಜಾಬಿನ ಲಾರಿಗೆ ಕಾಯಬೇಕಿಲ್ಲ.