ಮೂರನೇ ಸಹಿ

1/7

ಈ ಸಲ ಏಳು ಪೋಸ್ಟ್‌ನ ಸೀರೀಸ್. ಸ್ವಲ್ಪ ಉದ್ದ ಇದೆ, ಬಸ್ಸಲ್ಲಿ ಕೂತಾಗ ಓದಿ. ಅಕ್ಕನಿಗೆ ತೋರಿಸಿ, ಅವಳು ಓಕೆ ಅಂದ ಮೇಲೇ ಹಾಕ್ತಾ ಇದ್ದೀನಿ.

ದಸರಾ ರಜೆಗೆ ಅಕ್ಕ ಬೆಂಗಳೂರಿಂದ ಭದ್ರಾವತಿಗೆ ಬಂದಿದ್ಲು. ಜನವರಿಯಲ್ಲಿ ಅವಳ ಮದುವೆ. ಹುಡುಗ ನಮ್ಮ ಸಭೆಯವರೇ. ಚಿಕ್ಕಂದಿನಿಂದ ಅಣ್ಣ ಅಂತ ಕರೆದು ಅಭ್ಯಾಸ, ಈಗ ಭಾವ ಅನ್ನೋಕೆ ಬಾಯೇ ಬರಲ್ಲ. ಅವತ್ತು ರಾತ್ರಿ ಅವರೂ ಊಟಕ್ಕೆ ಬಂದಿದ್ರು. ಅಮ್ಮ ಕೋಳಿ ಸಾರು ಮಾಡಿದ್ರು. ಎಲ್ಲಾ ಚೆನ್ನಾಗೇ ಇತ್ತು. ಅಣ್ಣ ಕೈ ತೊಳ್ಕೊಂಡು ಬಂದು, "ಅಂಕಲ್, ಒಂದು ವಿಷಯ ಮಾತಾಡಬೇಕಿತ್ತು" ಅಂದ್ರು.

ವಿಷಯ ಇಷ್ಟೇ. ಮದುವೆ ಆದ್ಮೇಲೆ ಇಬ್ಬರೂ ಕೆಲಸ ಬಿಡ್ತಾರಂತೆ. ದಾವಣಗೆರೆ ಕಡೆ ಹೋಗಿ ಕಾಲೇಜು ಹುಡುಗ ಹುಡುಗಿಯರ ಮಧ್ಯೆ ಪೂರ್ಣಾವಧಿ ಸೇವೆ ಮಾಡ್ತಾರಂತೆ. ಬೈಬಲ್ ಸ್ಟಡಿ, ಹಾಸ್ಟೆಲ್ ಭೇಟಿ, ಕೌನ್ಸೆಲಿಂಗ್, ಅದೆಲ್ಲಾ.

ಅಪ್ಪ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಒಂದೇ ಪ್ರಶ್ನೆ ಕೇಳಿದ್ರು. "ಊಟಕ್ಕೆ ಏನ್ ಮಾಡ್ತೀರಾ?"

ಅಣ್ಣ ಒಂದು ನೋಟ್‌ಬುಕ್ ತೆಗೆದ್ರು. ಅದರಲ್ಲಿ 19 ಜನರ ಹೆಸರು. ತಿಂಗಳಿಗೆ 500, 1000 ಅಂತ ಕೊಡೋಕೆ ಒಪ್ಪಿದವರು. ಒಟ್ಟು 14,500.

ಅಪ್ಪ ಅದನ್ನ ಓದಲೂ ಇಲ್ಲ. "ಅಂದ್ರೆ ಬೇರೆಯವರ ಹತ್ರ ಕೈ ಚಾಚೋದಾ?" ಅಂತ ಹೇಳಿ ಎದ್ದು ಹೋದ್ರು.

ಫೋಟೋದಲ್ಲಿರೋದು ಆ ರಾತ್ರಿ ಯಾರೂ ಮುಟ್ಟದೇ ಉಳಿದ ಬಾಳೆಹಣ್ಣು.

2/7

ನಿಜ ಹೇಳ್ತೀನಿ. ಅವತ್ತು ನನ್ನ ತಲೆಗೆ ಮೊದಲು ಬಂದಿದ್ದು ದೇವರೂ ಅಲ್ಲ, ಅಪ್ಪನೂ ಅಲ್ಲ. ನನ್ನ ಫೀಸು.

ನನ್ನ ಬಿಕಾಂ ಫೀಸು ಕಟ್ಟೋದು ಅಕ್ಕ. ಅಕ್ಕನ ಎಜುಕೇಶನ್ ಲೋನಿಗೆ ಜೊತೆಗೆ ಸಹಿ ಹಾಕಿರೋದು ಅಪ್ಪ. ಇನ್ನೂ 3,12,000 ಬಾಕಿ ಇದೆ. ಅಪ್ಪ ವೆಲ್ಡಿಂಗ್ ಕೆಲಸ ಮಾಡ್ತಾರೆ, ಗುತ್ತಿಗೆ ಮೇಲೆ. ಕೆಲಸ ಇದ್ದ ದಿನ ಇದೆ, ಇಲ್ಲದ ದಿನ ಇಲ್ಲ.

ಮರುದಿನ ಅಕ್ಕನ ಹತ್ರ ಜಗಳ ಆಡಿದೆ. "ನಿಂಗೆ ಯಾರು ತಲೆ ಕೆಡಿಸಿದ್ದು?" ಅಂದೆ. ಅವಳು ಸಿಟ್ಟು ಮಾಡ್ಕೊಳ್ಳಲಿಲ್ಲ. "ಬಿಲ್ ಬ್ರೈಟ್, ವೊನೆಟ್ ಬ್ರೈಟ್ ಬಗ್ಗೆ ಓದು. ಆಮೇಲೆ ಬಯ್ಯಿ" ಅಂದ್ಲು.

ಬಯ್ಯೋಕೆ ಪಾಯಿಂಟ್ ಸಿಗಲಿ ಅಂತಾನೇ ಓದಿದೆ.

ಇಬ್ಬರೂ ಅಮೆರಿಕದ ಒಕ್ಲಹೋಮ ರಾಜ್ಯದ ಕೊವೀಟಾ ಅನ್ನೋ ಸಣ್ಣ ಊರಿನವರು. ಬಿಲ್ ಹುಟ್ಟಿದ್ದು 1921ರಲ್ಲಿ, ವೊನೆಟ್ 1926ರಲ್ಲಿ. ಬಿಲ್ ಕ್ಯಾಲಿಫೋರ್ನಿಯಾಗೆ ಹೋಗಿ ಲಾಸ್ ಏಂಜಲಿಸ್‌ನಲ್ಲಿ ಮಿಠಾಯಿ ಬಿಸಿನೆಸ್ ಶುರು ಮಾಡಿದ್ರು. ದೇವರು ದಿಂಡರು ಅಂತ ತಲೆ ಕೆಡಿಸಿಕೊಂಡವರಲ್ಲ. ಅಲ್ಲಿ ಹಾಲಿವುಡ್ ಪ್ರೆಸ್ಬಿಟೇರಿಯನ್ ಚರ್ಚಿಗೆ ಹೋಗೋಕೆ ಶುರು ಮಾಡಿದ ಮೇಲೆ ಮನುಷ್ಯ ಬದಲಾದ್ರು.

ಊರಲ್ಲಿದ್ದ ವೊನೆಟ್‌ಗೆ ಇದು ಇಷ್ಟ ಆಗಲಿಲ್ಲ. ಮದುವೆ ನಿಶ್ಚಯ ಆಗಿರೋ ಹುಡುಗನಿಗೆ ಧರ್ಮದ ಹುಚ್ಚು ಹಿಡಿದಿದೆ ಅನ್ನಿಸ್ತು. ಒಂದೋ ಅವನನ್ನ ಸರಿ ದಾರಿಗೆ ತರಬೇಕು, ಇಲ್ಲಾ ಸಂಬಂಧ ಮುರ್ಕೋಬೇಕು ಅಂತಲೇ ಕ್ಯಾಲಿಫೋರ್ನಿಯಾಗೆ ಬಂದ್ರು. ಅಲ್ಲಿ ಸಿಕ್ಕಿದ್ದು ಹೆನ್ರಿಯೆಟಾ ಮಿಯರ್ಸ್, ಆ ಚರ್ಚಿನ ಶಿಕ್ಷಣ ವಿಭಾಗ ನೋಡ್ಕೋತಿದ್ದ ಮಹಿಳೆ. ಹಿಂದೆ ಹೈಸ್ಕೂಲಲ್ಲಿ ಕೆಮಿಸ್ಟ್ರಿ ಟೀಚರ್ ಆಗಿದ್ದವರು. ವೊನೆಟ್ ಕೂಡ ಕೆಮಿಸ್ಟ್ರಿ ಓದಿದ್ದವರು. ಆಯಮ್ಮ ಅದೇ ಭಾಷೆಯಲ್ಲಿ ಮಾತಾಡಿದ್ರು. ಮುರ್ಕೊಳ್ಳೋಕೆ ಬಂದವರು 1948ರ ಡಿಸೆಂಬರ್ 30ಕ್ಕೆ ಮದುವೆ ಆದ್ರು.

ಇಲ್ಲಿಗೆ ನನ್ನ ಮೊದಲ ಪಾಯಿಂಟ್ ಹೋಯ್ತು. ಗಂಡ ಎಳೆದ, ಹೆಂಡತಿ ಹಿಂದೆ ಬಂದ್ಲು ಅನ್ನೋ ಕಥೆ ಅಲ್ಲ ಇದು. ಅವರು ತಾವೇ ಜಗಳ ಆಡಿ, ಯೋಚನೆ ಮಾಡಿ ಬಂದವರು.

3/7

ಈಗ ಬಿಕಾಂನವರು ಗಮನ ಕೊಡಿ. ಬಿಸಿನೆಸ್ ಲಾ ಪೇಪರ್ ನೆನಪಿದ್ಯಾ? ಭಾರತೀಯ ಕರಾರು ಕಾಯಿದೆ, 1872.

1951ರ ಒಂದು ಮಧ್ಯಾಹ್ನ ಬಿಲ್, ವೊನೆಟ್ ಬೇರೆ ಬೇರೆ ರೂಮಲ್ಲಿ ಕೂತು ಒಂದೊಂದು ಪಟ್ಟಿ ಬರೆದ್ರು. ಜೀವನದಲ್ಲಿ ನಮಗೇನೇನು ಬೇಕು ಅಂತ. ಮನೆ, ಮಕ್ಕಳು, ಕಾರು, ನಾವೂ ಬರೆಯೋದೇ. ಆಮೇಲೆ ಎರಡೂ ಪಟ್ಟಿ ಪಕ್ಕಪಕ್ಕ ಇಟ್ಟು ಮಾತಾಡಿದ್ರು. ಕೊನೆಗೆ ಒಂದು ಕಾಗದದಲ್ಲಿ ದೇವರ ಹೆಸರಿಗೆ ಕರಾರು ಬರೆದ್ರು. ನಮ್ಮದು ಅಂತ ಇರೋದು, ಮುಂದೆ ಬರೋದು ಎಲ್ಲಾ ನಿನ್ನದು, ನಾವು ನಿನ್ನ ದಾಸರು ಅನ್ನೋ ಅರ್ಥದ ಕರಾರು. ಕೆಳಗೆ ಇಬ್ಬರೂ ಸಹಿ ಹಾಕಿದ್ರು.

ಬಿಲ್ ಆಗ ಬಿಸಿನೆಸ್ ಜೊತೆಗೆ ಫುಲ್ಲರ್ ಸೆಮಿನರಿಯಲ್ಲಿ ಓದ್ತಾ ಇದ್ರು. ಕರಾರು ಬರೆದ ಸ್ವಲ್ಪ ದಿನಕ್ಕೇ, ರಾತ್ರಿ ಗ್ರೀಕ್ ಪರೀಕ್ಷೆಗೆ ಓದ್ತಾ ಇದ್ದಾಗ, ಕಾಲೇಜು ವಿದ್ಯಾರ್ಥಿಗಳ ಮಧ್ಯೆ ಕೆಲಸ ಮಾಡಬೇಕು ಅನ್ನೋದು ಸ್ಪಷ್ಟ ಆಯ್ತು ಅಂತ ಅವರೇ ಹೇಳಿಕೊಂಡಿದ್ದಾರೆ. ಸೆಮಿನರಿ ಡಿಗ್ರಿ ಮುಗಿಸಲೇ ಇಲ್ಲ. ಪ್ರೊಫೆಸರ್ ಒಬ್ಬರು ಹೆಸರು ಸೂಚಿಸಿದ್ರು. ಕ್ಯಾಂಪಸ್ ಕ್ರುಸೇಡ್ ಫಾರ್ ಕ್ರೈಸ್ಟ್.

ನಮ್ಮ ಲಾ ಮೇಡಂ ಆಗಿದ್ರೆ ಆ ಕಾಗದಕ್ಕೆ ಕೆಂಪು ಪೆನ್ನಲ್ಲಿ ಗೀಟು ಹಾಕ್ತಿದ್ರು. ಪ್ರತಿಫಲ ಎಲ್ಲಿ? ಎದುರು ಪಕ್ಷದ ಸಹಿ ಎಲ್ಲಿ? ಕೋರ್ಟಲ್ಲಿ ಇದು ನಿಲ್ಲುತ್ತಾ?

ನಿಲ್ಲಲ್ಲ. ಆದ್ರೆ ಅದನ್ನ ಬರೆದವರು ಸಾಯೋವರೆಗೂ ಅದರ ಪ್ರಕಾರ ನಡೆದ್ರು. ಬಿಲ್ 2003ರಲ್ಲಿ, ವೊನೆಟ್ 2015ರಲ್ಲಿ ತೀರಿಕೊಂಡ್ರು. ಕೋರ್ಟಿಗೆ ಹೋಗೋ ಎಷ್ಟು ಕರಾರು ಐವತ್ತು ವರ್ಷ ಬಾಳುತ್ತೆ ಹೇಳಿ.

4/7

ಕೆಲಸ ಶುರುವಾಗಿದ್ದು ಯುಸಿಎಲ್‌ಎಯಲ್ಲಿ. ಅಂದ್ರೆ ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ.

ಮೊದಲು ಮಾಡಿದ್ದು ಪ್ರಾರ್ಥನೆಯ ಸರಪಳಿ. ದಿನದ 24 ಗಂಟೆಯನ್ನ 15 ನಿಮಿಷದ 96 ಪಾಲು ಮಾಡಿ, ಒಂದೊಂದು ಪಾಲಿಗೆ ಒಬ್ಬೊಬ್ಬರು ಆ ಕಾಲೇಜಿಗಾಗಿ ಪ್ರಾರ್ಥನೆ ಮಾಡೋದು. ನಮ್ಮ ಅಮ್ಮನಿಗೆ ಇದನ್ನ ಹೇಳಿದಾಗ "ರಾತ್ರಿ ಎರಡೂಕಾಲಿಗೆ ಯಾರು ಏಳ್ತಿದ್ರೋ ಪಾಪ" ಅಂದ್ರು.

ಆಮೇಲೆ ಹುಡುಗಿಯರ ಹಾಸ್ಟೆಲ್ ಥರದ ಮನೆಗಳಿಗೆ, ಆಟಗಾರರ ಹತ್ರ ಹೋಗಿ ಮಾತಾಡೋದು. ವೊನೆಟ್ ಟೀಚರ್ ಕೆಲಸ ಬಿಟ್ಟು ಹುಡುಗಿಯರ ಮಧ್ಯೆ ಕೆಲಸಕ್ಕೆ ನಿಂತ್ರು. ಅಲ್ಲಿ ಅವರ ಜೊತೆ ಸೇರಿದ ವಿದ್ಯಾರ್ಥಿಗಳಲ್ಲಿ ರೇಫರ್ ಜಾನ್ಸನ್ ಕೂಡ ಒಬ್ಬರು. 1960ರ ರೋಮ್ ಒಲಿಂಪಿಕ್ಸಲ್ಲಿ ಡೆಕಾಥ್ಲಾನ್ ಚಿನ್ನ ಗೆದ್ದವರು. ಮುಂದೆ ಬ್ರೈಟ್ ದಂಪತಿ ಮಿಯರ್ಸ್ ಜೊತೆ ಕಾಲೇಜಿನ ಹತ್ರಾನೇ ಒಂದು ದೊಡ್ಡ ಮನೆಯಲ್ಲಿ ಹಲವು ವರ್ಷ ಇದ್ರು. ಆ ಮನೆ ತುಂಬಾ ವಿದ್ಯಾರ್ಥಿಗಳು. ಬಿಲ್ ವೇದಿಕೆ ಮೇಲೆ ಮಾತಾಡಿದ್ದನ್ನ ಎಲ್ಲರೂ ಬರೀತಾರೆ. ಅಷ್ಟು ಜನಕ್ಕೆ ಬಾಗಿಲು ತೆಗೆದು, ತಟ್ಟೆ ಇಟ್ಟು, ಮಾತು ಕೇಳಿಸಿಕೊಂಡವರ ಲೆಕ್ಕ ಯಾವ ಲೆಡ್ಜರಲ್ಲೂ ಬರಲ್ಲ.

ಇನ್ನು ದುಡ್ಡಿನ ವಿಷಯ. ಅಪ್ಪನ ಪ್ರಶ್ನೆಗೆ ಉತ್ತರ ಇಲ್ಲೇ ಇರೋದು. ಈ ಸಂಸ್ಥೆಯಲ್ಲಿ ಕೆಲಸ ಮಾಡೋರು ತಮ್ಮ ಸಂಬಳಕ್ಕೆ ಬೇಕಾದ ದುಡ್ಡನ್ನ ತಾವೇ ಹೊಂದಿಸಬೇಕು. ಪರಿಚಯದವರನ್ನ, ಸಭೆಯವರನ್ನ ಭೇಟಿ ಮಾಡಿ, ಕೆಲಸ ಏನು ಅಂತ ವಿವರಿಸಿ, ತಿಂಗಳ ಸಹಾಯ ಕೇಳಬೇಕು. ಸ್ಥಾಪಕರು ಅಂತ ಬ್ರೈಟ್ ದಂಪತಿಗೂ ವಿನಾಯಿತಿ ಇರಲಿಲ್ಲ.

ಕೈ ಚಾಚೋದಕ್ಕೂ ಇದಕ್ಕೂ ಏನು ವ್ಯತ್ಯಾಸ ಅಂತ ನಾನೂ ತುಂಬಾ ಯೋಚನೆ ಮಾಡಿದೆ. ನನಗೆ ಹೊಳೆದಿದ್ದು ಒಂದೇ. ಕೈ ಚಾಚಿದವನಿಗೆ ಯಾರೂ ಲೆಕ್ಕ ಕೇಳಲ್ಲ. ಇವರು ಆ 19 ಜನಕ್ಕೂ ಏನು ಮಾಡಿದ್ವಿ ಅಂತ ಹೇಳ್ತಾ ಇರಬೇಕು.

5/7

ಹಾಗಂತ ಎಲ್ಲಾ ಇಷ್ಟ ಆಯ್ತು ಅಂತಲ್ಲ. ಕ್ಲಾಸ್‌ಮೇಟ್ಸ್, ನೀವು ಕೇಳೋ ಮುಂಚೆ ನಾನೇ ಹೇಳ್ಬಿಡ್ತೀನಿ.

ಬಿಲ್ ಬರೆದ ಒಂದು ಪುಟ್ಟ ಪುಸ್ತಿಕೆ ಇದೆ, ನಾಲ್ಕು ಆತ್ಮಿಕ ನಿಯಮಗಳದ್ದು. ಇಡೀ ನಂಬಿಕೆಯನ್ನ ನಾಲ್ಕು ಪಾಯಿಂಟಲ್ಲಿ ಹೇಳುತ್ತೆ. ಓದಿದಾಗ ನಮ್ಮ ಮಾರ್ಕೆಟಿಂಗ್ ಸರ್ ಹೇಳೋ ಸೇಲ್ಸ್ ಪಿಚ್ ನೆನಪಾಯ್ತು. ಮಿಠಾಯಿ ಮಾರಿದವರ ಕೈಬರಹ ಗೊತ್ತಾಗುತ್ತೆ. ಮನುಷ್ಯರ ಬದುಕು ಅಷ್ಟು ಸುಲಭವಾಗಿ ನಾಲ್ಕು ಪಾಯಿಂಟಿಗೆ ಸಿಗುತ್ತಾ? ನಮ್ಮ ಹಾಸ್ಟೆಲಲ್ಲಿ ರಾತ್ರಿ ಅಳೋ ಹುಡುಗಿಗೆ ಮೊದಲು ಬೇಕಿರೋದು ಪುಸ್ತಿಕೆ ಅಲ್ಲ, ಪಕ್ಕದಲ್ಲಿ ಕೂರೋರು. ಇದನ್ನ ಅಕ್ಕನಿಗೂ ಹೇಳಿದೆ. "ಅದಕ್ಕೇ ಹೋಗ್ತಿರೋದು, ಕೂರೋಕೆ" ಅಂದ್ಲು.

ಇನ್ನೊಂದು, ಆ ಕ್ರುಸೇಡ್ ಅನ್ನೋ ಪದ. ಅದರ ಮೂಲ ಅರ್ಥ ಧರ್ಮಯುದ್ಧ. ನನ್ನ ಬೆಂಚ್‌ಮೇಟ್ ಮುಸ್ಲಿಂ. ಅವಳಿಗೆ ಆ ಹೆಸರು ಹೇಗೆ ಕೇಳಿಸುತ್ತೆ? 2011ರಲ್ಲಿ ಅಮೆರಿಕದ ಸಂಸ್ಥೆಯೇ ಹೆಸರನ್ನ ಬರೀ 'ಕ್ರೂ' ಅಂತ ಬದಲಾಯಿಸಿಕೊಳ್ತು. ಅರವತ್ತು ವರ್ಷ ಆಗಿತ್ತು ಅಷ್ಟೊತ್ತಿಗೆ.

ದುಡ್ಡಿನ ವಿಷಯದಲ್ಲಿ ಮಾತ್ರ ನಾನು ಸುಮ್ಮನಾದೆ. 1996ರಲ್ಲಿ ಬಿಲ್‌ಗೆ ಟೆಂಪಲ್ಟನ್ ಪ್ರಶಸ್ತಿ ಬಂತು. 10 ಲಕ್ಷ ಡಾಲರಿಗೂ ಜಾಸ್ತಿ. ಮನೆಗೆ ತರಲಿಲ್ಲ, ಉಪವಾಸ ಪ್ರಾರ್ಥನೆಯ ಕೆಲಸಕ್ಕೇ ಕೊಟ್ಟುಬಿಟ್ರು.

ನಿಮ್ಮಲ್ಲಿ ಕೆಲವರಿಗೆ ಇವರ ಒಂದು ಕೆಲಸ ಗೊತ್ತಿರಬಹುದು. 1979ರ 'ಜೀಸಸ್' ಸಿನಿಮಾ. ಲೂಕನ ಸುವಾರ್ತೆ ಆಧರಿಸಿ ಮಾಡಿದ್ದು, ಅದನ್ನ ಮಾಡಿಸಬೇಕು ಅಂತ ಹಿಂದೆ ನಿಂತವರು ಬಿಲ್. ಈಗ 2000ಕ್ಕೂ ಹೆಚ್ಚು ಭಾಷೆಯಲ್ಲಿದೆ, ಕನ್ನಡದಲ್ಲೂ ಇದೆ. ನಾನು ಮೂರನೇ ಕ್ಲಾಸಲ್ಲಿದ್ದಾಗ ನಮ್ಮ ಬೀದಿಯಲ್ಲಿ ಬಿಳಿ ಪಂಚೆ ಕಟ್ಟಿ ತೋರಿಸಿದ್ರು. ಯೇಸು ಕನ್ನಡ ಮಾತಾಡ್ತಾರೆ ಅಂತ ಖುಷಿ. ಮಧ್ಯದಲ್ಲಿ ಕರೆಂಟು ಹೋಗಿ, ಶಿಲುಬೆಗೆ ಹಾಕೋ ಮುಂಚೆನೇ ಎಲ್ಲರೂ ಮನೆಗೆ ಹೋದ್ವಿ.

6/7

ಈಗ ನನ್ನನ್ನ ಕಾಡಿದ ವಿಷಯ.

ಆ 1951ರ ಕಾಗದದಲ್ಲಿ ಎರಡು ಸಹಿ ಇದೆ. ಆಮೇಲೆ ಆ ದಂಪತಿಗೆ ಇಬ್ಬರು ಗಂಡು ಮಕ್ಕಳಾದ್ರು. ಅವರು ಹುಟ್ಟೋ ಮುಂಚೆನೇ ಅಪ್ಪ ಅಮ್ಮ ಮನೆ, ಆಸ್ತಿ, ಸಮಯ ಎಲ್ಲಾ ಬರೆದುಕೊಟ್ಟಾಗಿತ್ತು. ಅಪ್ಪ ಅರ್ಧ ಪ್ರಪಂಚ ಸುತ್ತೋರು. ಅವರ ಸಹಿ ಯಾರು ಕೇಳಿದ್ರು?

ಕರಾರಿಗೆ ಹೊರಗಿನವರು ದಾವೆ ಹೂಡೋ ಹಾಗಿಲ್ಲ ಅಂತ ನಮಗೆ ಕಲಿಸ್ತಾರೆ. ಪರೀಕ್ಷೆಗೆ ಅದು ಸರಿ. ಮನೆಯಲ್ಲಿ ನಡಿಯಲ್ಲ. ಯಾರೋ ಇಬ್ಬರು ದೇವರ ಜೊತೆ ಮಾಡ್ಕೊಂಡ ಕರಾರಿಗೆ ಯಾವಾಗಲೂ ಮೂರನೆಯವರೊಬ್ಬರು ಬೆಲೆ ಕಟ್ಟುತ್ತಾರೆ. ನಮ್ಮ ಮನೆಯಲ್ಲಿ ಆ ಮೂರನೆಯವರು ಅಪ್ಪ. ಬ್ಯಾಂಕಿನ ಕಾಗದದಲ್ಲಿ ಅಪ್ಪನ ಸಹಿ ಇದೆ. ಅಕ್ಕ ಕಂತು ಕಟ್ಟದಿದ್ರೆ ಫೋನ್ ಬರೋದು ಅಪ್ಪನಿಗೆ, ದೇವರಿಗಲ್ಲ.

ಇದನ್ನ ಅಕ್ಕನಿಗೆ ಇದೇ ಮಾತಲ್ಲಿ ಹೇಳಿದೆ, ಫೋನಲ್ಲಿ. ಆ ಕಡೆ ಎಷ್ಟೋ ಹೊತ್ತು ಮೌನ. ಆಮೇಲೆ, "ನಾನು ಪ್ರಾರ್ಥನೆ ಮಾಡಿದೆ. ಆದ್ರೆ ಅಪ್ಪನ ಜೊತೆ ಮಾತಾಡಿರಲಿಲ್ಲ. ಹೇಳಿದೆ ಅಷ್ಟೇ" ಅಂದ್ಲು.

ನನಗೂ ಒಂದು ವಿಷಯ ಚುಚ್ಚುತ್ತಾ ಇತ್ತು. ಅಪ್ಪನ ಪರ ವಕೀಲಿ ಮಾಡ್ತಾ ನಾನು ನನ್ನ ಫೀಸನ್ನೂ ಅದರೊಳಗೇ ಬಚ್ಚಿಟ್ಟಿದ್ದೆ. ಅಕ್ಕನ ಜೀವನದ ಮೇಲೆ ನಾನು ಯಾವಾಗ ಸಹಿ ಹಾಕಿದೆ? ಅವಳು 22ನೇ ವಯಸ್ಸಿಂದ ದುಡಿದು ಮನೆಗೆ ಕೊಟ್ಟಿದ್ದಾಳೆ. ಅವಳ ಪಟ್ಟಿಯಲ್ಲಿ ಏನಿದೆ ಅಂತ ಯಾರೂ ಒಂದು ದಿನ ಕೇಳಿಲ್ಲ. ನಾನೂ ಕೇಳಿಲ್ಲ.

7/7

ಕಳೆದ ಭಾನುವಾರ ಸಭೆ ಮುಗಿಸಿ ಅಕ್ಕ, ಅಣ್ಣ ಇಬ್ಬರೂ ಮನೆಗೆ ಬಂದ್ರು. ಈ ಸಲ ಅಣ್ಣ ನೋಟ್‌ಬುಕ್ ತಂದಿರಲಿಲ್ಲ. ಅಕ್ಕ ಒಂದು ಬಿಳಿ ಹಾಳೆ ತಗೊಂಡು ಅಪ್ಪನ ಪಕ್ಕ ನೆಲದ ಮೇಲೆ ಕೂತ್ಲು.

"ಅಪ್ಪಾ, ನೀವು ಹೇಳಿ, ನಾನು ಬರೀತೀನಿ" ಅಂದ್ಲು.

ಮೊದಲನೇದು ಲೋನು. ಮದುವೆ ಸರಳವಾಗಿ ಮಾಡಿ, ತಿಂಗಳಿಗೆ 26,000 ಕಟ್ಟಿದ್ರೆ ಬಡ್ಡಿ ಸೇರಿ ಸುಮಾರು 13 ತಿಂಗಳಿಗೆ ತೀರುತ್ತೆ. ಲೆಕ್ಕ ಹಾಕಿದ್ದು ನಾನು, ಬಿಕಾಂ ಓದಿದ್ದಕ್ಕೆ ಅಷ್ಟಾದ್ರೂ ಉಪಯೋಗಕ್ಕೆ ಬಂತು. ಅಲ್ಲಿವರೆಗೆ ಅಕ್ಕ ಕೆಲಸ ಬಿಡಲ್ಲ. ಎರಡನೇದು, ಅಪ್ಪ ಅಮ್ಮನ ಆರೋಗ್ಯ ವಿಮೆ. ಅದು ಅಣ್ಣ ಹೇಳಿದ್ದು. ಮೂರನೇದು ನಾನು ಬರೆಸಿದ್ದು. ಮುಂದಿನ ವರ್ಷದ ಫೀಸು ನನ್ನದು. ನಮ್ಮ ಬೀದಿಯ ಏಳು ಮಕ್ಕಳಿಗೆ ಸಂಜೆ ಟ್ಯೂಷನ್ ಶುರು ಮಾಡಿದ್ದೀನಿ, ಸಾಲದಿದ್ರೆ ನೋಡೋಣ.

ಅಪ್ಪ ಎಲ್ಲಾ ಕೇಳಿಸಿಕೊಂಡ್ರು. "ಆ ಹತ್ತೊಂಬತ್ತು ಜನ ಯಾರ್ಯಾರು?" ಅಂದ್ರು. ಅಣ್ಣ ಹೆಸರು ಹೇಳ್ತಾ ಹೋದ್ರು. ಸಭೆಯ ಟೈಲರ್ ಅಂಕಲ್ ಹೆಸರು ಬಂದಾಗ ಅಪ್ಪ ತಲೆ ಎತ್ತಿ, "ಅವನೇ ಬಾಡಿಗೆ ಮನೇಲಿದ್ದಾನಲ್ಲೋ" ಅಂದ್ರು. ಆಮೇಲೆ ಏನೂ ಮಾತಾಡಲಿಲ್ಲ.

ಸಹಿ ಹಾಕಲಿಲ್ಲ. ಹಾಳೆಯನ್ನ ಮಡಚಿ, ಮನೆ ಪತ್ರ, ಎಲ್‌ಐಸಿ ಬಾಂಡು ಇಡೋ ಪ್ಲಾಸ್ಟಿಕ್ ಕವರಲ್ಲಿ ಇಟ್ರು. ಒಪ್ಪಿದ್ರು ಅಂತ ನಾನು ಹೇಳಲ್ಲ. ಆ ಕವರಲ್ಲಿ ಬೇಡದ ಕಾಗದ ಅವರು ಇಡಲ್ಲ, ಅಷ್ಟು ಗೊತ್ತು.

ಕರಾರು ಕಾಯಿದೆಯ 25ನೇ ಸೆಕ್ಷನ್ ನೆನಪಿಸ್ಕೊಳ್ಳಿ. ಪ್ರತಿಫಲ ಇಲ್ಲದ ಕರಾರು ಅಸಿಂಧು. ಆದ್ರೆ ಹತ್ತಿರದ ಸಂಬಂಧಿಗಳು ಸಹಜ ಪ್ರೀತಿಯಿಂದ ಬರೆದು ರಿಜಿಸ್ಟರ್ ಮಾಡಿಸಿದ್ರೆ ನಡೆಯುತ್ತೆ. ನಮ್ಮದಕ್ಕೆ ರಿಜಿಸ್ಟರ್ ಒಂದು ಬಾಕಿ.

ಇದನ್ನ ಓದಿ ಯಾರೂ ಕೆಲಸ ಬಿಡಬೇಕಿಲ್ಲ, ಚರ್ಚಿಗೆ ಬರಬೇಕಿಲ್ಲ. ಒಂದೇ ಕೇಳ್ತೀನಿ. ನಿಮ್ಮ ಮನೇಲೂ ನಿಮಗೋಸ್ಕರ ದುಡಿಯೋ ಅಕ್ಕನೋ ಅಣ್ಣನೋ ಇದ್ರೆ, ಇವತ್ತು ರಾತ್ರಿ ಕೇಳಿ, ಅವರ ಪಟ್ಟಿಯಲ್ಲಿ ಏನಿದೆ ಅಂತ. ಉತ್ತರ ಕಮೆಂಟಲ್ಲಿ ಹಾಕಬೇಕಿಲ್ಲ. ಅವರಿಗೆ ಒಂದು ಹಾಳೆ ಕೊಡಿ ಸಾಕು.

#ಕನ್ನಡ #ಬಿಕಾಂಹುಡುಗಿ #ಭದ್ರಾವತಿ #ಅಕ್ಕ